ಅತ್ತೆಯ ಕಂಪ್ಯೂಟರ್ ಮರ್ಯಾದೆ ಕಲಿತದ್ದು

ನನ್ನ ಸೋದರತ್ತೆ ಈ ಜನ್ಮದಲ್ಲಿ ಜಗಳವಾಡಿದ್ದು ಒಬ್ಬರ ಜೊತೆ ಮಾತ್ರ. ಅದೂ ಒಂದು ಕಂಪ್ಯೂಟರಿನ ಜೊತೆ!

ಅತ್ತೆ ಸುಳ್ಯದ ಒಂದು ಸಣ್ಣ ಲೈಬ್ರೆರಿಯನ್ನು ನೋಡಿಕೊಳ್ಳುವವರು. ಮದುವೆಯಾಗಲಿಲ್ಲ. ಆದರೆ ಪುಸ್ತಕ ಹುಡುಕಲು ಕಂಪ್ಯೂಟರ್ ಬಂದ ದಿನದಿಂದ ಅದನ್ನು 'ಇವರು' ಅನ್ನುತ್ತಾರೆ. "ಇವರು ಬೆಳಿಗ್ಗೆಯಿಂದ ಮಾತಾಡ್ಲಿಲ್ಲ" ಎಂದು ಫೋನಿನಲ್ಲಿ ಹೇಳುವುದನ್ನು ಕೇಳಿ ಬಸ್ಸಿನಲ್ಲಿ ಪಕ್ಕದ ಸೀಟಿನವರು ಕನಿಕರಪಟ್ಟದ್ದೂ ಉಂಟು. ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಕಣ್ಣು ತೆರೆದುಕೊಂಡೇ ಕನಸು ಕಾಣುತ್ತಾರೆ. ಫ್ಯಾನು ತಿರುಗುತ್ತದೆ, ಕಿಟಕಿಯ ಬಿಸಿಲು ಒಂದು ಕಪಾಟಿನಿಂದ ಇನ್ನೊಂದಕ್ಕೆ ಮೆಲ್ಲಗೆ ದಾಟುತ್ತದೆ, ಅತ್ತೆ ಯಾವುದೋ ಲೋಕದಲ್ಲಿ ತೇಲುತ್ತಿರುತ್ತಾರೆ.

ಅನಾಹುತವಾದದ್ದು ಅಂಥ ಹೊತ್ತಿನಲ್ಲೇ. ಅಜ್ಜಾವರದಿಂದ ಬೀಡಿ ಕಟ್ಟುವ ಹೆಂಗಸೊಬ್ಬರು ಬಂದರು. ಮಗಳ ಹತ್ತಿರ ಕೂತು ಇತ್ತೀಚೆಗಷ್ಟೇ ಅಕ್ಷರ ಕಲಿತವರು. ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. 'ಸಿಗಲಿಲ್ಲ' ಎಂದಿತು ಕಂಪ್ಯೂಟರ್. ಆಚೀಚೆ ನೋಡಿ, ಸೆರಗು ಎಳೆದುಕೊಂಡು, ಯಾರನ್ನೂ ಕೇಳದೆ ಹೊರಟೇಹೋದರು. ಅತ್ತೆಗೆ ಅದೂ ಕನಸಿನ ಹಾಗೇ ಕಂಡಿತಂತೆ. ಎಚ್ಚೆತ್ತು ನೋಡಿದರೆ ಪರದೆಯ ಮೇಲೆ ತಪ್ಪುತಪ್ಪಾಗಿ 'ಮಲ್ಲಿಗೆ ಕೃಷಿ'! ಆ ಪುಸ್ತಕ ಅತ್ತೆಯ ಬೆನ್ನ ಹಿಂದೆಯೇ ಇತ್ತು.

ಪುತ್ತೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವ ನನಗೆ ಕೂಡಲೇ ಕರೆ ಬಂತು.

"ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ಎಂತ ಕೊಡುದು?"

"ಬೆಲ್ಲ, ನೀರು."

"ಮತ್ತೆ ಇವರು ಬಾಗಿಲಲ್ಲೇ ಇಲ್ಲ ಅನ್ನುದು ಎಂತಕ್ಕೆ? ನೀನು ಬಂದು ಸ್ವಲ್ಪ ಮರ್ಯಾದೆ ಕಲಿಸು, ಮಾರಾಯ. ಆ ಹೆಂಗಸು ಇನ್ನು ಬಾರದಿದ್ರೆ ನನಗೆ ಊಟ ಸೇರುದಿಲ್ಲ."

ಹೋದೆ. ತಪ್ಪು ಬರೆದರೂ ಹತ್ತಿರದ ಹೆಸರನ್ನು ತೋರಿಸುವ ವ್ಯವಸ್ಥೆ ಮಾಡಿದೆ. 'ತಪ್ಪಾಗಿದೆ, ಸರಿಯಾದದ್ದು ಇದು' ಎಂದು ಬರುವಂತೆ ಇಟ್ಟೆ. ಅತ್ತೆ ಮುಖ ಗಂಟಿಕ್ಕಿದರು.

"ಯಾರ ಮುಖಕ್ಕೆ ಹೇಳುದು ಅದನ್ನು?"

ಕೊನೆಗೆ 'ನೀವು ಕೇಳಿದ್ದು ಇದಾ?' ಎಂದು ತೀರ್ಮಾನವಾಯಿತು. 'ಕೂತ್ಕೊಳ್ಳಿ' ಎಂದೂ ಬರಬೇಕು ಎಂಬ ಬೇಡಿಕೆಯನ್ನು ಕಷ್ಟಪಟ್ಟು ತಪ್ಪಿಸಿದೆ.

ಅತ್ತೆಯ ಒತ್ತಾಯಕ್ಕೆ ಮಣಿದು ಕಂಪ್ಯೂಟರನ್ನು ತೀರಾ ಧಾರಾಳಿ ಮಾಡಿದ್ದು ಮಾತ್ರ ನನ್ನ ತಪ್ಪು. ಗಲ್ಫಿನಿಂದ ಮರಳಿ ಅಂಗಡಿ ಇಟ್ಟ ಹಾಜಿಯವರು ಕರಿಮೆಣಸಿನ ಪುಸ್ತಕ ಕೇಳಿದರೆ ಅದು ಅರ್ಧ ಲೈಬ್ರೆರಿಯನ್ನೇ ಮುಂದಿಟ್ಟಿತು. ಅವರು ಶಿಶುಪಾಲನೆಯದೂ ಸೇರಿ ಮೂರು ಪುಸ್ತಕ ಹೊತ್ತು ಹೊರಟರು.

"ಇದೆಂತಕ್ಕೆ ಮಾರಾಯ್ರೆ ನಿಮಗೆ?" ಎಂದೆ.

"ಅಷ್ಟು ಪ್ರೀತಿಯಲ್ಲಿ ಕೇಳುವಾಗ ಬೇಡ ಅನ್ಲಿಕ್ಕೆ ಆಗ್ತದಾ?" ಅಂದರು ಹಾಜಿಯವರು.

ಆದರೆ ಬರಬೇಕಾದವರು ಬರಲಿಲ್ಲ. ಹೋಗಿ ಕರೆದರೆ ಅವತ್ತಿನ ನಾಚಿಕೆಯನ್ನು ನೆನಪಿಸಿದ ಹಾಗಾಗುತ್ತದೆ. ಅದಕ್ಕೆ ಅತ್ತೆ ಮಾಡಿದ್ದೇನು ಗೊತ್ತೇ? ಬಸ್ಸು ಹತ್ತಿ ಅಜ್ಜಾವರಕ್ಕೆ ಹೋಗಿ, ಕೈಯಲ್ಲಿ ಒಂದು ಬೀಡಿಯೂ ಇಲ್ಲದೆ, ಬೀಡಿ ಕಂಪನಿಯ ಬ್ರಾಂಚಿಗೆ ಕಟ್ಟಿದ ಬೀಡಿ ಕೊಡಲು ಬಂದವರ ಸಾಲಿನಲ್ಲಿ ನಿಂತರು! ಆ ಹೆಂಗಸು ಅತ್ತೆಗಿಂತ ಎರಡು ಜನ ಮುಂದೆ ಇದ್ದರು. ಅತ್ತೆ ಗಾಳಿಗೆ ಹೇಳಿದ ಹಾಗೆ ಹೇಳಿದರಂತೆ: "ನಮ್ಮ ಲೈಬ್ರೆರಿಯ ಕಂಪ್ಯೂಟರಿಗೆ ಮೊದಲು ಏನೂ ಬರ್ತಿರ್ಲಿಲ್ಲ. ಇದ್ದ ಪುಸ್ತಕವನ್ನೂ ಇಲ್ಲ ಅಂತಿತ್ತು. ಈಗ ಕಲಿತಿದೆ."

ಆ ಶನಿವಾರ ಮಧ್ಯಾಹ್ನ ನಾನೂ ಅಲ್ಲಿದ್ದೆ. ಆ ಹೆಂಗಸು ಬಂದರು. ಅತ್ತೆ ಅವಸರದಲ್ಲಿ ಕಪಾಟಿನ ಕಡೆ ತಿರುಗಿ, ಧೂಳೇ ಇಲ್ಲದ ಪುಸ್ತಕವನ್ನು ಒರೆಸತೊಡಗಿದರು. ಒಂದೊಂದೇ ಅಕ್ಷರ ಬಿತ್ತು. ಮತ್ತೆ ತಪ್ಪು. 'ನೀವು ಕೇಳಿದ್ದು ಇದಾ?' ಎಂದಿತು ಪರದೆ. ಆ ಹೆಂಗಸು ಬೆರಳಿಟ್ಟು ಓದಿದರು. ಆಮೇಲೆ ಕಂಪ್ಯೂಟರಿಗೇ ಮೆಲ್ಲಗೆ ಉತ್ತರ ಕೊಟ್ಟರು: "ಹೌದು, ಅದೇ."

ಅತ್ತೆ ತಿರುಗಿ ನೋಡಲಿಲ್ಲ. ಒರೆಸುತ್ತಿದ್ದ ಕೈ ಮಾತ್ರ ನಿಂತಿತು. ಸ್ವಲ್ಪ ಹೊತ್ತಿಗೆ ಅತ್ತೆ ಒಳಗೆ ಹೋಗಿ ಬೆಲ್ಲ ಮತ್ತು ಎರಡು ಲೋಟ ನೀರು ತಂದರು. ಒಂದನ್ನು ಆ ಹೆಂಗಸಿನ ಮುಂದಿಟ್ಟರು, ಇನ್ನೊಂದನ್ನು ಕಂಪ್ಯೂಟರಿನ ಪಕ್ಕದಲ್ಲಿ.

"ಇವರಿಗೂ ಬಾಯಾರಿಕೆ ಆಗಿರ್ತದೆ, ಪಾಪ" ಅಂದರು.