ಟವೆಲ್ಲಿನ ಕೆಳಗಿನ ಹೆಬ್ಬೆರಳು

ನಮ್ಮ ಸೋದರಮಾವನಷ್ಟು ಚೆನ್ನಾಗಿ ದನ ಸಾಕುವವನು ಚನ್ನಪಟ್ಟಣ ತಾಲ್ಲೂಕಿನಲ್ಲೇ ಇಲ್ಲ. ಅವನಷ್ಟು ಕೆಟ್ಟದಾಗಿ ದನ ಮಾರುವವನು ಇಡೀ ಜಿಲ್ಲೆಯಲ್ಲಿ ಇಲ್ಲ! ಮಾರದೆ ಮಾರದೆ ಅವನ ಕೊಟ್ಟಿಗೆ ತುಂಬಿ, ಎರಡು ಹಸು ಜಗಲಿಗೆ ಬಂದಿದ್ದವು. ಅಂಥವನು ಊರಿನ ಹುಡುಗರಿಗೆ ದನ ಸಾಕಿ ಲಾಭ ಮಾಡುವುದು ಹೇಗೆಂದು ಪಾಠ ಹೇಳಲು ನಿಂತ ಎಂದರೆ ನಂಬುತ್ತೀರಾ? ನಾನು ಆ ಪಾಠ ಕೇಳಿದವಳು. ಅಂದಹಾಗೆ, ಏಕವಚನಕ್ಕೆ ಹುಬ್ಬೇರಿಸಬೇಡಿ. ನಮ್ಮ ಮನೆಯಲ್ಲಿ ಮಾವನಿಗೆ ಬಹುವಚನ ಹಚ್ಚಿದರೆ ಮುನಿಸಿಕೊಂಡಿದ್ದೇವೆ ಎಂದು ಅರ್ಥ.

ಆಗ ಬಿಡದಿ ಕಡೆ ಒಂದರ ಹಿಂದೊಂದು ಕಾರ್ಖಾನೆ ಏಳುತ್ತಿತ್ತು. ಬೆಳಗಾದರೆ ನಮ್ಮೂರು ಹೊಂಗನೂರಿನ ಹುಡುಗರು ಕಾರ್ಖಾನೆಯ ವ್ಯಾನಿಗೆ ಕಾದು ನಿಂತಿರುತ್ತಿದ್ದರು. ಅದನ್ನು ಕಂಡರೆ ಮಾವನಿಗೆ ಮೈಯೆಲ್ಲ ಉರಿ. ಹಾಲಿನ ಡೇರಿಯ ಜಗಲಿಯ ಮೇಲೆ ಭಾನುವಾರದ ತರಗತಿ ತೆರೆದೇಬಿಟ್ಟ. ಐವರು ಹುಡುಗರು, ಜೊತೆಗೆ ನಾನು. ತಲೆಗೊಂದು ಹೆಣ್ಣುಗರು ಕೊಂಡು, ಬೆಳೆಸಿ, ಗಬ್ಬವಾದ ಮೇಲೆ ಮಾರಬೇಕು.

"ದನದ ಮ್ಯಾಲೆ ಮಮತೆ ಇಟ್ಕಬ್ಯಾಡಿ, ಲೆಕ್ಕ ಇಟ್ಕಳಿ. ಒಳ್ಳೆ ರೇಟು ಬಂದ್ರೆ ಹಗ್ಗ ಕೊಟ್ಬುಟ್ಟು ತಿರುಗಿ ನೋಡ್ದೆ ಬನ್ನಿ" ಎನ್ನುವುದು ಮೊದಲ ಪಾಠ. ಹೇಳುವಾಗ ಅವನ ಕೈ ಪಕ್ಕದಲ್ಲಿ ಕಟ್ಟಿದ್ದ ಕರುವಿನ ಕತ್ತಿನಡಿ ಜೋಲುವ ಗಂಗೆದೊಗಲನ್ನು ಸವರುತ್ತಲೇ ಇರುತ್ತಿತ್ತು.

ನನಗೆ ರಾಮನಗರದಲ್ಲಿ ಟೀಚರ್ ಟ್ರೈನಿಂಗ್ ಸೇರುವ ಆಸೆ. "ನಿನ್ನ ಕಡಸು ಮಾರಿ ಫೀಸು ಹುಟ್ಟಿದ್ರೆ ಸೇರ್ಕೊ, ಇಲ್ದಿದ್ರೆ ಮನೇಲಿರು" ಎಂದು ಅಪ್ಪ ಹೇಳಿಬಿಟ್ಟಿದ್ದರು. ಕರುವೇನೋ ಬೆಳೆದು, ಮೈ ತುಂಬಿಕೊಂಡು, ಐದು ತಿಂಗಳ ಗಬ್ಬದ ಕಡಸಾಗಿತ್ತು. ಸೇರಲು ಎರಡು ವಾರ ಉಳಿದಿತ್ತು. ಮಾರಿಸಿಕೊಡುವ ಹೊಣೆ ಹೊತ್ತವನು ಯಾರು? ಮಾವ!

ಮೊದಲ ಗಿರಾಕಿ ಕಾರಿನಲ್ಲಿ ಬಂದರು. ಜಮೀನು ಕಾರ್ಖಾನೆಗೆ ಹೋಗಿ, ಹೊಸ ಮನೆ ಎದ್ದಿತ್ತು. ಗೃಹಪ್ರವೇಶಕ್ಕೆ ಹಸು ಬೇಕಿತ್ತು. ಕೇಳಿದ ಬೆಲೆಗೆ ಒಪ್ಪಿಯೂಬಿಟ್ಟರು.

"ನೆಲ ಎಂಥದು ಹಾಕ್ಸಿದ್ದೀರಿ?" ಎಂದ ಮಾವ.

"ಗ್ರಾನೈಟು" ಎಂದರು ಅವರು ಹೆಮ್ಮೆಯಿಂದ.

"ಬಸರಿ ಜಾರಿ ಬಿದ್ರೆ ಯಾರು ಜವಾಬ್ದಾರಿ? ಒಸಿ ಮಣ್ಣಿನ ನೆಲ ಮಾಡ್ಸಿ, ಆಮೇಕೆ ಬನ್ನಿ."

ಕಾರು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು.

ಆಮೇಲೆ ದನದ ಸಂತೆ. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಇಬ್ಬರ ಕೈಯ ಮೇಲೆ ಟವೆಲ್ ಹೊದಿಸಿ, ಒಳಗೆ ಬೆರಳು ಹಿಡಿದು ಕೇಳುವುದು, ಬೆರಳು ಹಿಡಿದೇ ಹೇಳುವುದು. ಸುತ್ತ ನಿಂತವರಿಗೆ ಬೆಲೆ ತಿಳಿಯಬಾರದು, ತುಟಿ ಬಿಚ್ಚಬಾರದು. ಆದರೆ ಮಾವ ಟವೆಲ್ಲಿನ ಕೆಳಗೆ ಬೆಲೆಯನ್ನೇ ಹುಡುಕುತ್ತಿರಲಿಲ್ಲ. ಹೆಬ್ಬೆರಳು ಮಡಿಚಿ ಹಾಲು ಕರೆಯುವವರಿಗೆ ಅದರ ಗೆಣ್ಣಿನ ಮೇಲೆ ಚರ್ಮ ಗಟ್ಟಿಯಾಗುತ್ತದೆ. ಮಾವ ಹುಡುಕುತ್ತಿದ್ದದ್ದು ಅದನ್ನು!

"ಮೆತ್ತಗೈತೆ. ಈ ಕೈ ಒಂದು ಲೋಟ ಹಾಲೂ ಕರೆದಿಲ್ಲ. ನಿಮಗೆ ದನ ಕೊಡಕ್ಕಿಲ್ಲ" ಎಂದು ಒಬ್ಬ ಗಿರಾಕಿಗೆ ಸಂತೆಗೆಲ್ಲ ಕೇಳುವಂತೆ ಹೇಳಿದ. ಆ ಮನುಷ್ಯ ಕೈಯನ್ನು ಜೇಬಿಗಿಟ್ಟುಕೊಂಡು ಹೋದವನು ಮತ್ತೆ ಹೊರತೆಗೆದದ್ದನ್ನು ನಾನು ನೋಡಲಿಲ್ಲ.

ಮುಂದಿನ ಸಂತೆಯಲ್ಲಿ ಉಯ್ಯಂಬಳ್ಳಿಯ ಯಜಮಾನರೊಬ್ಬರು ಸಿಕ್ಕರು. ಗೆಣ್ಣು ಕಲ್ಲಿನ ಹಾಗಿತ್ತಂತೆ. ಮಾವನ ಮುಖ ಅರಳಿತು, ನನ್ನದೂ ಅರಳಿತು. ಅಷ್ಟರಲ್ಲಿ ಮಾವನಿಗೆ ದಾರಿ ನೆನಪಾಯಿತು.

"ಅಷ್ಟು ದೂರ ಟೆಂಪೋದಲ್ಲಿ ಬಸರಿ ಕುಲುಕಾಡ್ಕಂಡು ಹೋಯ್ತದಾ? ನಡೆಸ್ಕಂಡು ಹೋದ್ರೆ ಕೊಡ್ತೀನಿ" ಎಂದ.

ಯಜಮಾನರು ಒಮ್ಮೆ ಮಾವನನ್ನು, ಒಮ್ಮೆ ಕಡಸನ್ನು ನೋಡಿ, ಟವೆಲ್ ಸರಿಸಿ ಎದ್ದರು.

ಅದೇ ಹೊತ್ತಿಗೆ ಐವರು ಹುಡುಗರ ಕಡಸುಗಳೂ ಒಳ್ಳೆಯ ಲಾಭಕ್ಕೆ ಹೋಗಿದ್ದವು. ಹೇಗೆ ಅಂತೀರಾ? ಮಾವ ಟೀ ಕುಡಿಯಲು ಹೋದ ಸಮಯ ನೋಡಿ ಮಾರಿದ್ದರು! ನನ್ನ ಕಡಸಿನ ಹಗ್ಗವನ್ನು ಮಾತ್ರ ಅವನು ಟೀ ಅಂಗಡಿಗೂ ಹಿಡಿದುಕೊಂಡೇ ಹೋಗಿದ್ದ. ಸೊಸೆಯ ದನ, ಜೋಪಾನವಾಗಿರಲಿ ಅಂತ.

ಟ್ರೈನಿಂಗ್ ಸೇರುವ ಕಡೆಯ ದಿನದ ಹಿಂದಿನ ಬೆಳಿಗ್ಗೆ ನಾನು ಮಾವನಿಗೆ ಬಹುವಚನ ಹಚ್ಚಿದೆ.

"ನೀವು ನನ್ನ ಓದನ್ನ ಕೊಟ್ಟಿಗೇಲಿ ಕಟ್ಟಿಹಾಕ್ಬುಟ್ರಿ" ಎಂದು ಅತ್ತುಬಿಟ್ಟೆ.

ಮಾವ ಎದ್ದು ತನ್ನ ಮೊಪೆಡ್ ಹತ್ತಿ ಹೋದ. ಮಧ್ಯಾಹ್ನ ನಡೆದು ಬಂದು ನನ್ನ ಎದುರು ಕುಕ್ಕರುಗಾಲಲ್ಲಿ ಕೂತು, ಹೆಗಲ ಟವೆಲ್ ತೆಗೆದು ನನ್ನ ಕೈಯ ಮೇಲೆ ಹೊದಿಸಿದ. ಒಳಗೆ ನಾನು ಬೆರಳು ಹಿಡಿದು ಬೆಲೆ ಕೇಳಿದೆ. ಕೊಳ್ಳುವವರು ಯಾವಾಗಲೂ ಒಂದು ಬೆರಳು ಕಡಿಮೆ ಹಿಡಿಯುತ್ತಾರೆ. ಮಾವ ಒಂದು ಬೆರಳು ಹೆಚ್ಚು ಹಿಡಿದ. "ಮಾವ, ಬ್ಯಾಡ" ಎಂದೆ.

"ಟವೆಲ್ ಕೆಳಗೆ ಮಾತಾಡಬಾರ್ದು ಕಣವ್ವ" ಎಂದ. ಅವನ ಹೆಬ್ಬೆರಳು ನನ್ನ ಹೆಬ್ಬೆರಳ ಗೆಣ್ಣನ್ನು ಹುಡುಕಿ, ಅಲ್ಲೇ ಒಸಿ ಹೊತ್ತು ನಿಂತಿತು. ದಿನಾ ಬೆಳಿಗ್ಗೆ ಮನೆಯ ಹಸು ಕರೆದು ಅದು ಗಟ್ಟಿಯಾಗಿತ್ತು.

ಕಡಸು ಮಾವನ ಜಗಲಿಯ ಮೂರನೆಯ ಗೂಟಕ್ಕೆ ಹೋಯಿತು. ಮಾರನೆಯ ದಿನದಿಂದ ಮಾವ ಹಾಲಿನ ಕ್ಯಾನು ಹೊತ್ತು ಡೇರಿಗೆ ನಡೆದೇ ಹೋಗತೊಡಗಿದ. ಅವನ ಮೊಪೆಡ್ ಯಾರು ಕೊಂಡರು, ಅವರ ಕೈ ಹೇಗಿತ್ತು ಎಂದು ಇವತ್ತಿಗೂ ಹೇಳಿಲ್ಲ.

ಈಗ ಕನಕಪುರದ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಮೊನ್ನೆ ಊರಿಗೆ ಹೋದಾಗ ಮಾವ ಹತ್ತಿರ ಕರೆದು ನನ್ನ ಹೆಬ್ಬೆರಳು ಹಿಡಿದು ನೋಡಿದ.

"ಮೆತ್ತಗಾಗೋಗೈತೆ. ನಿಂಗೆ ದನ ಕೊಡಕ್ಕಿಲ್ಲ ಹೋಗವ್ವ" ಎಂದ.

ಅಷ್ಟು ಸಂತೋಷದಿಂದ ಮಾವ ಯಾವ ಗಿರಾಕಿಯನ್ನೂ ಹಿಂದಕ್ಕೆ ಕಳಿಸಿದ್ದನ್ನು ನಾನು ಕಂಡಿಲ್ಲ.