ನಲವತ್ತೊಂದು ಮುಖಗಳ ಪೋಸ್ಟರ್ ಕುರಿತು ಸಮಿತಿಯ ಅಧ್ಯಕ್ಷರಿಗೆ

ಗ್ರಾಫಿಕ್ ಡಿಸೈನ್ ವಿಭಾಗದ ಪ್ರಚಾರಕ್ಕೆ ಒಂದೇ ಒಂದು ಪೋಸ್ಟರ್ ಯೋಜಿಸಲು ಏಳು ಸಭೆ ನಡೆಸಿ, ಎಂಟನೆಯದಕ್ಕೂ ದಿನ ಗೊತ್ತುಮಾಡಿರುವ ಮಾನ್ಯ ಜೆಯಕುಮಾರ್ ಅವರೇ,

ಕೊಂಬೈಯಿಂದ ತಂಗಮ್ಮಾಳ್ ಮಾಡುವ ನಮಸ್ಕಾರಗಳು. ಇಂಗ್ಲಿಷಿನಲ್ಲೂ ತಮಿಳಿನಲ್ಲೂ ಜಾರಿಕೊಳ್ಳುವುದರಲ್ಲಿ ತಾವು ನಿಪುಣರೆಂದು ಕೇಳಿ, ತಮ್ಮ ಮನೆಯಲ್ಲೂ ನಮ್ಮ ಮನೆಯಲ್ಲೂ ಆಡುವ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ನನ್ನ ತಂಗಿಯ ಮಗಳು ಪಾಂಡೀಶ್ವರಿ ದಿಂಡಿಗಲ್‌ನ ತಮ್ಮ ವಿಶ್ವವಿದ್ಯಾಲಯದಲ್ಲಿ, ಅದೇ ವಿಭಾಗದಲ್ಲಿ, ಎರಡನೆಯ ವರ್ಷ ಓದುತ್ತಿದ್ದಾಳೆ. ಈ ಶುಕ್ರವಾರದೊಳಗೆ ಹನ್ನೆರಡು ಹೊಸ ಅರ್ಜಿ ಬಾರದಿದ್ದರೆ ವಿಭಾಗ ಮುಚ್ಚುತ್ತದೆ, ಇದ್ದವರು ವಾಣಿಜ್ಯ ತರಗತಿಗೆ ಹೋಗಬೇಕು ಎಂದು ತಾವು ಎರಡು ತಿಂಗಳ ಹಿಂದೆ ನೋಟಿಸ್ ಅಂಟಿಸಿದಿರಿ. ಅದಕ್ಕೇ ಅವಳು ಪೋಸ್ಟರ್ ಬರೆದುಕೊಟ್ಟಳು. ಅವಳಪ್ಪ ಆಂಡಿ ಒಡ್ಡನ್‌ಛತ್ರಂ ತರಕಾರಿ ಮಂಡಿಯಲ್ಲಿ ಮೂಟೆಗಳ ಮೇಲೆ ಗುರುತು ಬರೆಯುವವನು. ಯಾವ ಮೂಟೆ ಯಾವ ಲಾರಿಗೆಂದು ಅಕ್ಷರ ಬಾರದವರಿಗೂ ಆ ಗುರುತೇ ಹೇಳುತ್ತದೆ. ಅವಳ ಪೋಸ್ಟರಿನಲ್ಲಿದ್ದದ್ದೂ ಅದೇ: ಒಂದು ಮೂಟೆ, ಮೇಲೊಂದು ಕೆಂಪು ಗುರುತು, ಕೆಳಗೆ ‘ಇದೂ ಒಂದು ವಿದ್ಯೆ, ಕಲಿಯಲು ಬನ್ನಿ’ ಎಂಬ ಸಾಲು, ವಿಳಾಸ. ಅಷ್ಟೇ.

ಅದನ್ನು ತಮ್ಮ ಸಮಿತಿ ಸುಧಾರಿಸಿದ ಬಗೆಗೆ ಕೈಮುಗಿಯಲೇಬೇಕು. ಕಿವಿ ಚುಚ್ಚುವ ಶುಭಕಾರ್ಯದ ಫ್ಲೆಕ್ಸಿನಲ್ಲಿ ಸೋದರಮಾವಂದಿರ ಮುಖ ದೊಡ್ಡದಾಗಿ, ಮಿಕ್ಕ ನೆಂಟರದು ವರಸೆಗೆ ತಕ್ಕಂತೆ ಚಿಕ್ಕದಾಗಿ ಹಾಕುವ ನಮ್ಮ ಕಡೆಯ ಪದ್ಧತಿಯನ್ನು ತಾವು ಉನ್ನತ ಶಿಕ್ಷಣಕ್ಕೂ ವಿಸ್ತರಿಸಿದಿರಿ. ಕುಲಪತಿ, ಅವರ ಮಡದಿ, ಮಕ್ಕಳು, ಸೋದರಮಾವ, ಮಾವನ ಕಾರಿನ ಡ್ರೈವರ್, ಹೀಗೆ ನಲವತ್ತೊಂದು ಮುಖ! ಯಾರ ಭುಜ ಯಾರ ಕಿವಿಯನ್ನು ಮರೆಮಾಡಬಹುದು ಎಂಬುದಕ್ಕೇ ಮೂರು ಸಭೆ ಹಿಡಿಯಿತಂತೆ. ಮೂಟೆ ಹೋಯಿತು, ಗುರುತು ಹೋಯಿತು, ಕಡೆಗೆ ವಿಭಾಗದ ಹೆಸರಿಗೂ ಜಾಗ ಉಳಿಯಲಿಲ್ಲ.

ಅದು ನಮ್ಮೂರಿನ ಬಸ್ ನಿಲ್ದಾಣದಲ್ಲಿ ಎದ್ದ ದಿನ ಪಕ್ಕದ ಮನೆಯ ಚೆಲ್ಲಮ್ಮಾಳ್ ಎದೆ ಹಿಡಿದುಕೊಂಡು, “ಅಯ್ಯೋ ಕಡವುಳೇ, ಇಷ್ಟು ಮಂದೀನೂ ಒಂದೇ ಬಸ್ಸಲ್ಲೇ ಸತ್ತೋದ್ರಾ ತಾಯೀ?” ಎಂದಳು. ಎಲ್ಲರೂ ಬದುಕಿದ್ದಾರೆ, ಸಮಿತಿಯ ಕೆಲಸವಿದು ಎಂದೆ. “ಅಂಗಾದ್ರೆ ಅಳೋದು ಯಾರಿಗೋಸ್ಕರ?” ಎಂದು ಕೇಳಿದಳು. ಉತ್ತರ ತಮ್ಮಿಂದಲೇ ಬರಬೇಕು. ಸಂಜೆಯೊಳಗೆ ಕುಲಪತಿಗಳ ಮುಖಕ್ಕೆ ಎರಡು ಹಾರ ಬಿದ್ದಿದ್ದವು; ಅರ್ಜಿ ಒಂದೂ ಬೀಳಲಿಲ್ಲ.

ಆದ್ದರಿಂದ ಸವಿನಯ ಬೇಡಿಕೆ: ಮುಂದಿನ ಪೋಸ್ಟರನ್ನು ದಿಂಡಿಗಲ್‌ನಿಂದ ಕಂಬಂವರೆಗೆ ಉದ್ದಕ್ಕೆ ಮುದ್ರಿಸಿ, ಇನ್ನೂ ಹುಟ್ಟದ ಮೊಮ್ಮಕ್ಕಳಿಗೂ ಈಗಲೇ ಜಾಗ ಕಾದಿರಿಸಿ, ಬೆಟ್ಟ ಅಡ್ಡ ಬಂದರೆ ಎಂಟನೆಯ ಸಭೆಯಲ್ಲಿ ಅದನ್ನು ಸರಿಸುವ ಠರಾವು ಮಾಡಿ. ಅದಾಗದಿದ್ದರೆ ಹುಡುಗಿಯ ಕೆಲಸವನ್ನು ಹುಡುಗಿಗೆ ಕೊಡಿ. ಬರೆಯುವವರನ್ನು ಅಳಿಸಿ ಆಳುವವರನ್ನು ಅಂಟಿಸುವುದಕ್ಕೆ ಡಿಸೈನ್ ಎನ್ನುವುದಿಲ್ಲ ಸ್ವಾಮೀ, ಪಾಳೇಗಾರಿಕೆ ಎನ್ನುತ್ತಾರೆ.

ತಮ್ಮ ಪೋಸ್ಟರಿನ ಪ್ರತಿಯೊಂದು ಮುಖಕ್ಕೂ ಸಮಾನ ವಿಶ್ವಾಸಿ,
ತಂಗಮ್ಮಾಳ್
ಕೊಂಬೈ

ತಾ.ಕ.: ಪಾಂಡೀಶ್ವರಿ ತನ್ನ ಪೋಸ್ಟರನ್ನು ತಾನೇ ಬರೆದು ಮಂಡಿಯ ಗೋಡೆಗೆ ಅಂಟಿಸಿದಳು. ಇಂದು ಗುರುವಾರ, ಹನ್ನೊಂದು ಅರ್ಜಿ ಬಂದಿವೆ. ಹನ್ನೆರಡನೆಯದು ಇದರ ಜೊತೆಗಿದೆ: ನನ್ನದು. ಐವತ್ತೆಂಟು ವಯಸ್ಸು, ಪ್ಲಸ್ ಟೂ ಪಾಸು, ವಯಸ್ಸಿನ ಮಿತಿ ತಮ್ಮ ನಿಯಮಾವಳಿಯಲ್ಲಿಲ್ಲ, ಓದಿ ನೋಡಿದ್ದೇನೆ. ಪೋಸ್ಟರ್ ಯೋಜನೆಯ ಪಾಠ ತಾವೇ ಮಾಡುತ್ತೀರಂತೆ. ಮೊದಲ ಬೆಂಚು ಖಾಲಿ ಇಡಿ.