ನನ್ನ ಗಾಡಿಗೆ ಬಿದ್ದ ಸೂಪರ್‌ಗಳು

ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಟ್ಟು ಬೈಸಿಕೊಳ್ಳುವ ಯೋಗ ಕೆಲವರ ಹಣೆಯಲ್ಲೇ ಬರೆದಿರುತ್ತದೆ ಕಾಣ್ತದೆ. ನನ್ನ ಹಣೆಯಲ್ಲಂತೂ ಬೋರ್ಡಿನ ಹಾಗೆ ದಪ್ಪಕ್ಷರದಲ್ಲಿ ಬರೆದಿದ್ದಾರೆ. ಊರಲ್ಲಿದ್ದಾಗ ಒಂದು ರೀತಿ ಆಯಿತು, ಕತಾರಿಗೆ ಬಂದ ಮೇಲೆ ಇನ್ನೊಂದು ರೀತಿ ಆಯಿತು. ನಿಂತದ್ದು ಅಂತ ಇಲ್ಲ.

ತಪ್ಪು ನನ್ನ ಕೆಲಸದ್ದೂ ಇರಬಹುದು. ದೋಹಾದ ಇಂಡಸ್ಟ್ರಿಯಲ್ ಏರಿಯಾದ ಒಂದು ಯಾರ್ಡಿನಲ್ಲಿ ನಾನು ಪೇಂಟ್ ಇನ್ಸ್‌ಪೆಕ್ಟರ್. ಗ್ಯಾಸ್ ಪ್ಲಾಂಟಿಗೆ ಹೋಗುವ ಪೈಪುಗಳಿಗೆ ಬಳಿದ ಬಣ್ಣ ಎಲ್ಲಿ ತೆಳುವಾಗಿದೆ, ಎಲ್ಲಿ ಗುಳ್ಳೆ ಎದ್ದಿದೆ ಅಂತ ಹುಡುಕುವುದೇ ನನ್ನ ಉದ್ಯೋಗ. ತಪ್ಪು ಸಿಕ್ಕಿದರೆ ನನ್ನ ಮ್ಯಾನೇಜರಿಗೆ ಖುಷಿ. ಸಿಗದಿದ್ದರೆ, "ಏನು, ನಿದ್ದೆ ಮಾಡಿದ್ರಾ?" ಅಂತ ಕೇಳುತ್ತಿದ್ದರು. ಹೀಗೆ ಹಗಲಿಡೀ ಕುಂದು ಹುಡುಕಿ ಅಭ್ಯಾಸವಾದ ಮನುಷ್ಯ ಸಂಜೆ ಹೋಗಿ ಕಾರು ಪ್ರಿಯರ ಫೋರಮ್ ಸೇರಿದರೆ ಎಂತಾಗಬೇಕೋ ಅದೇ ಆಯಿತು.

ಇಂಟರ್‌ನೆಟ್ಟಿನಲ್ಲಿ ಫೋರಮ್‌ಗಳು ಜೋರಾಗಿದ್ದ ಕಾಲ ಅದು. ದೋಹಾದಲ್ಲಿದ್ದ ಕನ್ನಡದವರೇ ಸೇರಿ ಒಂದು ಮಾಡಿಕೊಂಡಿದ್ದರು. ಮುಐದರ್ ಅನ್ನುವ ಬಡಾವಣೆಯಲ್ಲಿ ನಾವು ಕೆಲವರು ಸೇರಿ ಬಾಡಿಗೆಗಿದ್ದ ವಿಲ್ಲಾದ ಹಾಲಿನಲ್ಲಿ ಒಂದು ಕಂಪ್ಯೂಟರ್ ಇತ್ತು. ಊಟ ಆದ ಮೇಲೆ ಎಲ್ಲರೂ ಅದರ ಸುತ್ತ ಕೂರುವುದು, ಯಾರದ್ದೋ ಗಾಡಿಯ ಫೋಟೋ ನಿಧಾನಕ್ಕೆ ಮೇಲಿನಿಂದ ಕೆಳಗೆ ತೆರೆದುಕೊಳ್ಳುವುದನ್ನು ಕಾಯುವುದು. ಫೋಟೋ ಅರ್ಧ ತೆರೆದುಕೊಳ್ಳುವ ಮೊದಲೇ ಅದರ ಕೆಳಗೆ "ಸೂಪರ್" ಅಂತ ಬಿದ್ದಿರುತ್ತಿತ್ತು.

೧. ಕಲರ್ ಸೂಪರ್ ಬಾಸ್

ಒಮ್ಮೆ ಸದಸ್ಯರೊಬ್ಬರು ತಮ್ಮ ಗಾಡಿಯ ಫೋಟೋ ಹಾಕಿದರು. ಮುಂದಿನ ಬಂಪರ್ ಇಲ್ಲ. ಬಾನೆಟ್ ಹಪ್ಪಳದ ಹಾಗೆ ಮಡಚಿದೆ. ಒಂದು ಹೆಡ್‌ಲೈಟ್ ವಯರಿನಲ್ಲಿ ನೇತಾಡುತ್ತಿದೆ. ಕೆಳಗೆ ಪಾಪ ಬರೆದಿದ್ದಾರೆ: "ನಿನ್ನೆ ರೌಂಡಬೌಟಿನಲ್ಲಿ ಒಂದು ದೊಡ್ಡ ಗಾಡಿ ಬಂದು ಗುದ್ದಿತು. ದೇವರ ದಯೆ, ನನಗೇನೂ ಆಗಲಿಲ್ಲ."

ಅದರ ಕೆಳಗೆ ಶುರುವಾಯಿತು ನೋಡಿ. "ಸೂಪರ್ ಬಾಸ್!" "ಕಲರ್ ಅಂದ್ರೆ ಇದಪ್ಪ!" "ಫ್ರಂಟ್ ಲುಕ್ ಬೆಂಕಿ!" ಒಬ್ಬನಂತೂ, "ಈ ಮೋಡಿಫಿಕೇಶನ್ ಎಲ್ಲಿ ಮಾಡಿಸಿದ್ರಿ?" ಅಂತ ಕೇಳಿದ್ದ.

ನನಗೆ ತಡೆಯಲಿಲ್ಲ. "ಸ್ವಾಮಿ, ಮೇಲೆ ಬರೆದದ್ದನ್ನು ಒಮ್ಮೆ ಓದಿ. ಅವರ ಗಾಡಿ ಆಕ್ಸಿಡೆಂಟ್ ಆಗಿದೆ. ಚಾಸಿಯೂ ಬೆಂಡಾದ ಹಾಗೆ ಕಾಣ್ತದೆ, ರಿಪೇರಿ ಮಾಡಿಸುವ ಮೊದಲು ಸರಿಯಾಗಿ ಚೆಕ್ ಮಾಡಿಸಲಿ," ಅಂತ ಬರೆದೆ.

ಮರುದಿನ ಗಾಡಿಯವರಿಂದಲೇ ನನಗೆ ಉತ್ತರ ಬಂತು: "ಇಂಥ ಕಷ್ಟದ ಹೊತ್ತಿನಲ್ಲಿ ಎಲ್ಲರೂ ಇಷ್ಟು ಸಪೋರ್ಟ್ ಮಾಡ್ತಾ ಇದ್ದಾರೆ. ನೀವೊಬ್ಬರು ಮಾತ್ರ ಆಕ್ಸಿಡೆಂಟ್ ಆಕ್ಸಿಡೆಂಟ್ ಅಂತ ನೆಗೆಟಿವ್ ಮಾತಾಡ್ತೀರಿ."

೨. ನಾಲಿಗಿ ತೋರಸ್ರಿ

ನನ್ನ ರೂಮ್‌ಮೇಟ್ ಬಾಗಲಕೋಟೆ ಕಡೆಯವರು, ಕನ್‌ಸ್ಟ್ರಕ್ಷನ್ ಕಂಪನಿಯಲ್ಲಿ ಫೋರ್‌ಮನ್. ಬಾಯಿ ಜೋರು, ಮನಸ್ಸು ಬೆಣ್ಣೆ. ಅವರು ಒಂದು ಸೆಕೆಂಡ್‌ಹ್ಯಾಂಡ್ ಜೀಪು ತಗೊಂಡು, ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ, ಫೋರಮ್ಮಿಗೆ ಫೋಟೋ ಹಾಕಿ, ರಾಶಿ ಸೂಪರ್ ತಗೊಂಡು, ಕೊನೆಗೆ ನನ್ನ ಹತ್ತಿರ ಬಂದರು.

"ಹೆಂಗ ಐತ್ರಿ ಸರ ನನ್ನ ಗಾಡಿ? ಖರೇ ಹೇಳ್ರಿ."

ಖರೇ ಹೇಳಿ ಅಂದರಲ್ಲ, ಹೇಳಿದೆ. "ಗಾಡಿ ಒಳ್ಳೆದುಂಟು. ಆದರೆ ಟಯರ್ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿದೆ. ಲಾಂಗ್ ಹೋಗುವ ಮೊದಲು ಬದಲಾಯಿಸಿ."

ಅವರ ಮುಖ ಇಳಿದುಹೋಯಿತು. "ಫೋರಮ್‌ನ್ಯಾಗ ಅಷ್ಟು ಮಂದಿ ಸೂಪರ್ ಅಂದಾರ. ಯಾರೂ ಟಯರ್ ಸುದ್ದಿ ತಗದಿಲ್ಲ, ನೀವೊಬ್ರು ಬಿಟ್ಟು," ಅಂತ ಒಳಗೆ ಹೋದರು. ಆ ಶುಕ್ರವಾರ ದುಖಾನ್ ರಸ್ತೆಯಲ್ಲಿ ಟಯರ್ ಢಂ ಅಂತು.

ಗಾಡಿ ರಿಕವರಿ ಲಾರಿಯ ಮೇಲೆ ಬಂತು. ಇವರು ಮೈಯಿಡೀ ಧೂಳು ಮೆತ್ತಿಕೊಂಡು ಇಳಿದು ನೇರ ನನ್ನ ಎದುರಿಗೇ ಬಂದು ನಿಂತರು.

"ಬಾಯಿ ತಗೀರಿ."

"ಎಂತಕ್ಕೆ ಮಾರಾಯ್ರೆ?"

"ನಾಲಿಗಿ ತೋರಸ್ರಿ. ಮಚ್ಚಿ ಐತೇನ್ ನೋಡ್ಬೇಕು."

ನಾನು ನಾಲಿಗೆ ಚಾಚಿದೆ. ಟ್ಯೂಬ್‌ಲೈಟಿನ ಕೆಳಗೆ ನನ್ನನ್ನು ನಿಲ್ಲಿಸಿ, ಗಲ್ಲ ಹಿಡಿದು, ಆಚೆಗೆ ಈಚೆಗೆ ತಿರುಗಿಸಿ ನೋಡಿದರು. ಮಚ್ಚೆ ಸಿಗಲಿಲ್ಲ. "ಒಳಗಿರಬೇಕು ಬಿಡ್ರಿ," ಅಂದರು. ಟಯರಿನ ಮೇಲೆ ಮಾತ್ರ ಅವರಿಗೆ ಯಾವ ಸಂಶಯವೂ ಬರಲಿಲ್ಲ.

ಸುದ್ದಿ ಫೋರಮ್ ತುಂಬಾ ಹಬ್ಬಿತು. ಫೋರಮ್ಮಿನ ಮಾಡರೇಟರ್ ಉಡುಪಿ ಕಡೆಯವ, ತುಂಬಾ ಮರ್ಯಾದೆಯ ಹುಡುಗ. ನನಗೆ ಫೋನ್ ಮಾಡಿದ. "ಸರ್, ನೀವು ಹೇಳುವುದು ಸರಿ ಇರ್ತದೆ. ಆದರೆ ನಿಮ್ಮ ಮಾತು ತಾಗ್ತದೆ ಅಂತ ಜನ ಹೆದರ್ತಾ ಇದ್ದಾರೆ. ಇನ್ನು ಮುಂದೆ ಮೊದಲು ಮಾಷಾ ಅಲ್ಲಾ ಅಂತ ಹಾಕಿ, ದೃಷ್ಟಿ ತಾಗುವುದಿಲ್ಲ, ಆಮೇಲೆ ಬೇಕಾದ್ದು ಬರೆಯಿರಿ. ಎಂತ ತೊಂದರೆ ಇಲ್ಲ."

ಒಪ್ಪಿದೆ. ಆ ವಾರವೇ ಸದಸ್ಯನೊಬ್ಬನ ಗಾಡಿಯ ಹಿಂದೆ ಸಿಗ್ನಲ್ಲಿನಲ್ಲಿ ನಿಲ್ಲುವ ಪ್ರಸಂಗ ಬಂತು. ಮನೆಗೆ ಬಂದು ಬರೆದೆ: "ಮಾಷಾ ಅಲ್ಲಾ, ನಿಮ್ಮ ಬ್ರೇಕ್ ಲೈಟು ಒಂದೂ ಉರಿಯುವುದಿಲ್ಲ."

ಅವನು ಬರೆದ, "ಥ್ಯಾಂಕ್ಯೂ ಬ್ರದರ್, ನಿಮ್ಮಂಥವರ ಪ್ರೋತ್ಸಾಹವೇ ನನಗೆ ಶಕ್ತಿ." ಬಲ್ಬು ಇವತ್ತಿನವರೆಗೂ ಹಾಕಿಸಿಲ್ಲ.

೩. ಬೇಸ್ ಚೆನ್ನಾಗಿದೆ

ಇಷ್ಟರವರೆಗೆ ಪರರ ಗಾಡಿ. ಇನ್ನು ನನ್ನದು.

ಊರಿನಿಂದ ಹೆಂಡತಿ ಮಗಳನ್ನು ಕರೆದುಕೊಂಡು ಬೇಸಿಗೆ ರಜೆಗೆ ಬರುವುದು ಅಂತ ನಿಶ್ಚಯವಾಯಿತು. ಮಗಳನ್ನು ನಾನು ಎತ್ತಿಕೊಂಡು ಎಷ್ಟೋ ಕಾಲವಾಗಿತ್ತು. ಅವರನ್ನು ಕೂರಿಸಿಕೊಂಡು ತಿರುಗಬೇಕು ಅಂತಲೇ ಒಂದು ಹಳೇ ಗಾಡಿ ತಗೊಂಡೆ. ಬಣ್ಣ ನಾನೇ ಪರೀಕ್ಷೆ ಮಾಡಿದ್ದೆ, ಒಂದು ಕಲೆ ಇಲ್ಲ. ನನಗೆ ಬಣ್ಣ ಗೊತ್ತು. ಬಣ್ಣದ ಒಳಗಿರುವುದು ಗೊತ್ತಿಲ್ಲ.

ತಗೊಂಡು ಒಂದು ವಾರಕ್ಕೆ ಶಬ್ದ ಶುರುವಾಯಿತು. ಎಂಬತ್ತು ದಾಟಿದರೆ ಸಾಕು, ಕೆಳಗಿನಿಂದ ಗುಂಯ್ ಅಂತ ಏಳುವುದು, ಸ್ಟೇರಿಂಗ್ ನಡುಗುವುದು. ಆ ಹೊತ್ತಿಗೇ ಹೆಂಡತಿ ಫೋನಿನಲ್ಲಿ ಕೇಳಿದಳು, "ಅಲ್ಲ, ನಿಮ್ಮ ಗಾಡಿ ಸರಿ ಉಂಟಲ್ಲ? ಮಗುವನ್ನು ಕೂರಿಸಿಕೊಂಡು ಹೋಗಲಿಕ್ಕುಂಟು. ಸತ್ಯ ಹೇಳಿ."

ಊರಿಗೆಲ್ಲ ಸತ್ಯ ಹೇಳಿ ಪೆಟ್ಟು ತಿಂದವನು ಮನೆಯಲ್ಲಿ ತೊದಲಿದೆ. "ನೋಡಿ ಹೇಳ್ತೇನೆ," ಅಂದೆ.

ಫೋರಮ್ಮಿನಲ್ಲಿ ಗಾಡಿಯ ಫೋಟೋ ಹಾಕಿ, ಕೈಮುಗಿದು ಬರೆದೆ. "ದಯವಿಟ್ಟು ಯಾರೂ ಹೊಗಳಬೇಡಿ. ನನ್ನ ಹೆಂಡತಿ, ಮಗಳು ಇದರಲ್ಲಿ ಕೂರಲಿಕ್ಕಿದ್ದಾರೆ. ಶಬ್ದ ಎಂತದ್ದು ಅಂತ ಗೊತ್ತಿದ್ದವರು ಇದ್ದದ್ದನ್ನು ಇದ್ದ ಹಾಗೆ ಹೇಳಿ. ನಾನು ಬೇಜಾರು ಮಾಡಿಕೊಳ್ಳುವುದಿಲ್ಲ." ಮಾತಿಗೆ ಸಾಕ್ಷಿಯಾಗಿ ಆ ಶಬ್ದವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಅದನ್ನೂ ಹಾಕಿದೆ.

ಉತ್ತರಗಳು ಬಂದವು. "ಸೂಪರ್ ಗಾಡಿ ಸರ್." "ಸೀಟ್ ಕವರ್ ಎಲ್ಲಿ ತಗೊಂಡ್ರಿ?" "ಮಾಷಾ ಅಲ್ಲಾ, ಫ್ಯಾಮಿಲಿ ಬರ್ತಿದೆ, ಕಂಗ್ರಾಟ್ಸ್." ಕೊನೆಗೊಬ್ಬ ಆ ರೆಕಾರ್ಡಿಂಗನ್ನು ಪೂರ್ತಿ ಕೇಳಿದ್ದೇನೆ ಅಂತ ಬರೆದ. ನನ್ನ ಕಣ್ಣು ತುಂಬಿ ಬಂತು. ಓದುತ್ತಾ ಹೋದೆ: "ನಿಮ್ಮ ಮ್ಯೂಸಿಕ್ ಸಿಸ್ಟಮ್ ಯಾವುದು ಸರ್? ಬೇಸ್ ತುಂಬಾ ಚೆನ್ನಾಗಿದೆ."

೪. ಗ್ಲಾಸ್ ಏರಿಸಿ

ಇವರ ಸಹವಾಸವೇ ಬೇಡ ಅಂತ ಗ್ಯಾರೇಜಿಗೆ ಹೋದೆ. ಗ್ಯಾರೇಜಿನವರು ಕನ್ನಡ ಬಲ್ಲ ಮಲಯಾಳಿ, ಫೋರಮ್ಮಿನಲ್ಲೂ ಇದ್ದವರು. ನನ್ನನ್ನು ನೋಡಿದ್ದೇ ಕುರ್ಚಿ ಒರೆಸಿದರು, ಸುಲೈಮಾನಿ ಚಹಾ ತರಿಸಿದರು. ಗಾಡಿಯನ್ನು ಒಂದು ಸುತ್ತು ಓಡಿಸಿಕೊಂಡು ಬಂದು, "ಫಸ್ಟ್ ಕ್ಲಾಸ್ ಸಾರ್, ಮಾಫಿ ಮುಶ್ಕಿಲ್, ಒಂದು ತೊಂದರೆ ಇಲ್ಲ," ಅಂದರು.

"ಶಬ್ದ ಬರಲಿಲ್ವಾ?"

"ಇಲ್ಲವೇ ಇಲ್ಲ."

ಹಾಗಾದರೆ ಜೊತೆಗೇ ಹೋಗುವ ಅಂತ ನಾನೂ ಹತ್ತಿದೆ. ಹೊರಟದ್ದೇ ಅವರು ಗ್ಲಾಸ್ ಎಲ್ಲ ಮೇಲೇರಿಸಿದರು, ಎ.ಸಿ. ಫುಲ್ ಇಟ್ಟರು. ಎ.ಸಿ. ಬೊಬ್ಬೆಯಲ್ಲಿ ನನ್ನ ಮಾತೇ ನನಗೆ ಕೇಳಿಸಲಿಲ್ಲ. "ನೋಡಿ, ಶಬ್ದ ಖಲಾಸ್!" ಅಂತ ನನ್ನ ಕಿವಿಗೆ ಬಾಯಿ ಇಟ್ಟು ಕೂಗಿದರು.

"ಗ್ಲಾಸ್ ಇಳಿಸಿದರೆ?" ಅಂತ ನಾನೂ ಕೂಗಿದೆ.

ಅವರು ನನ್ನನ್ನೇ ಕನಿಕರದಿಂದ ನೋಡಿದರು. "ಸಾರ್, ಇದು ಕತಾರ್. ಇಲ್ಲಿ ಗ್ಲಾಸ್ ಇಳಿಸುವವರು ಯಾರು?"

೫. ಬಿರಿಯಾನಿ ಪಾತ್ರೆ

ಹೆಂಡತಿ ಮಗಳು ಬಂದೇಬಿಟ್ಟರು. ಏರ್‌ಪೋರ್ಟಿನಿಂದ, ಅವರಿಗೆಂದೇ ಹಿಡಿದ ಬಾಡಿಗೆ ಮನೆಗೆ ಅಂಚಿನ ಲೇನಿನಲ್ಲೇ ಉರುಳಿಸಿಕೊಂಡು ಬಂದೆ. ಹಿಂದಿನವರೆಲ್ಲ ಹಾರ್ನ್ ಹೊಡೆದೇ ಹೊಡೆದರು. "ಎಷ್ಟು ಜಾಗ್ರತೆ ನೀವು," ಅಂತ ಹೆಂಡತಿ ಮೆಚ್ಚಿಕೊಂಡಳು. ಮಗಳು ಅವಳ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಳು. ಜೀವ ಕೈಯಲ್ಲಿ ಹಿಡಿದುಕೊಂಡು ಮನೆ ಮುಟ್ಟಿದೆ.

ಅವರು ಬಂದ ಖುಷಿಗೆ ಫೋರಮ್ಮಿನವರು ಶುಕ್ರವಾರ ಅಲ್ ಖೋರ್ ಬೀಚಿಗೆ ಪಿಕ್ನಿಕ್ ಇಟ್ಟರು. ಎಲ್ಲರೂ ಪೆಟ್ರೋಲ್ ಬಂಕಿನ ಹತ್ತಿರ ಸೇರುವುದು, ಅಲ್ಲಿಂದ ಸಾಲಾಗಿ ಹೋಗುವುದು ಅಂತ. ಅಷ್ಟರಲ್ಲಿ ನನ್ನ ಗಾಡಿಯ ಶಬ್ದ ನಲವತ್ತಕ್ಕೇ ಶುರುವಾಗುತ್ತಿತ್ತು. ಬಂಕಿಗೆ ಹೋಗುವ ದಾರಿಯಲ್ಲಿ ಹೆಂಡತಿ ಕೇಳಿದಳು, "ಇದೆಂತ ಇದು, ಒಳಗೆ ಯಾರೋ ಗೊರಕೆ ಹೊಡೆದ ಹಾಗೆ?"

"ಎಲ್ಲರನ್ನೂ ಕೇಳಿದ್ದೇನೆ ಮಾರಾಯ್ತಿ. ಎಲ್ಲರೂ ಚೆನ್ನಾಗಿದೆ ಅಂತಾರೆ."

"ಹೌದಾ? ನಾನೂ ಕೇಳ್ತೇನೆ," ಅಂದಳು.

ಕೇಳುವ ಅಗತ್ಯವೇ ಬರಲಿಲ್ಲ. ನಾವು ಇಳಿದದ್ದೇ ಎಲ್ಲರೂ ಸುತ್ತ ಸೇರಿ ಶುರು ಮಾಡಿದರು. ಮಾಡರೇಟರ್ ಅಂದ, "ಅಕ್ಕಾ, ಸರ್ ಗಾಡಿ ಅಂದ್ರೆ ಗಾಡಿ. ದೋಹಾದಲ್ಲೇ ಇಂಥದ್ದು ಇಲ್ಲ." ನನ್ನ ರೂಮ್‌ಮೇಟ್ ಬಾನೆಟ್ಟಿನ ಮೇಲೆ ಕೈಯಾಡಿಸಿ, "ಕುದರಿ ಐತ್ರಿ ಅಕ್ಕಾರ, ಕುದರಿ!" ಅಂದರು.

ಹೆಂಡತಿಯ ಮುಖ ಅರಳಿತು. ಮಾಡರೇಟರನ ಗಾಡಿಯ ಕಡೆ ನೋಡಿದಳು. ಅದರೊಳಗೆ ಅವನ ಹೆಂಡತಿ, ಅತ್ತೆ, ಮಕ್ಕಳು ಒಬ್ಬರ ಮೇಲೊಬ್ಬರು. "ಅಯ್ಯೋ, ಅಷ್ಟು ಇಕ್ಕಟ್ಟು ಯಾಕೆ? ನಮ್ಮ ಹಿಂದಿನ ಸೀಟು ಖಾಲಿಯೇ ಉಂಟು. ಬನ್ನಿ, ಯಾರಾದರೂ ಇದರಲ್ಲಿ ಕೂತುಕೊಳ್ಳಿ," ಅಂದಳು.

ಎಲ್ಲರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. ಮಾಡರೇಟರ್, "ಮಕ್ಕಳು ಅಜ್ಜಿಯನ್ನು ಬಿಟ್ಟಿರುವುದಿಲ್ಲ ಅಕ್ಕಾ," ಅಂದ. "ಹಾಗಾದರೆ ಅಜ್ಜಿಯೂ ಬರಲಿ," ಅಂದಳು. ಅಜ್ಜಿಗೆ ಕೂಡಲೇ ಸೊಂಟ ನೋವು ಬಂತು. ರೂಮ್‌ಮೇಟ್, "ನನಗ ಎ.ಸಿ. ಆಗಿ ಬರಂಗಿಲ್ರಿ," ಅಂತ ಹೇಳಿ, ಇನ್ನೊಂದು ಗಾಡಿಯ ಡಿಕ್ಕಿಗೆ ಹತ್ತಿ, ಎ.ಸಿ. ಗಾಳಿ ಬರುವ ಕಡೆಗೇ ಮುಖ ಮಾಡಿ, ಬಿರಿಯಾನಿ ಪಾತ್ರೆಯನ್ನು ತೊಡೆ ಮೇಲೆ ಇಟ್ಟುಕೊಂಡು ಕೂತರು.

ಹೆಂಡತಿ ಬಿಡಲಿಲ್ಲ. "ಹೋಗಲಿ, ಆ ಪಾತ್ರೆಯನ್ನಾದರೂ ನಮ್ಮ ಗಾಡಿಯಲ್ಲಿ ಇಡಿ. ಬಿಸಿ ಇರ್ತದಲ್ಲ, ಪಾಪ."

ರೂಮ್‌ಮೇಟ್ ಪಾತ್ರೆಯನ್ನು ಎರಡು ಕೈಯಲ್ಲಿ ತಬ್ಬಿಕೊಂಡರು. "ಬ್ಯಾಡ್ರಿ ಅಕ್ಕಾರ! ಇಷ್ಟೂ ಮಂದಿ ಊಟ ಇದರಾಗ ಐತಿ!"

ನನ್ನ ಹೆಂಡತಿಗೆ ಕಾರಿನ ಬಗ್ಗೆ ಎಂತದ್ದೂ ಗೊತ್ತಿಲ್ಲ. ಆದರೆ ಬಿರಿಯಾನಿಯನ್ನು ಕೂರಿಸದ ಗಾಡಿಯಲ್ಲಿ ಮಗಳನ್ನು ಕೂರಿಸಬಾರದು ಅನ್ನುವಷ್ಟು ಗೊತ್ತಾಯಿತು. ನನ್ನ ಮುಖ ಒಮ್ಮೆ ನೋಡಿದಳು. ಮಗಳ ಕೈ ಹಿಡಿದು ಸೀದಾ ಹೋಗಿ ಮಾಡರೇಟರ್ ಗಾಡಿಯಲ್ಲಿ ಕೂತಳು. ಸೊಂಟ ನೋವಿನ ಅಜ್ಜಿ ಸರಕ್ಕನೆ ಸರಿದು ಜಾಗ ಕೊಟ್ಟರು.

ನಾನು ಮಾಡರೇಟರನ್ನು ಬದಿಗೆ ಕರೆದೆ. "ಈಗಲಾದರೂ ಹೇಳು ಮಾರಾಯ. ಎಂತದ್ದು ಅದು?"

"ವೀಲ್ ಬೇರಿಂಗ್ ಸರ್," ಅಂದ ತಲೆ ತಗ್ಗಿಸಿಕೊಂಡು. "ಪೂರ್ತಿ ಹೋಗಿದೆ, ಚಕ್ರವೇ ಕಳಚಿ ಬೀಳಬಹುದು. ನೀವು ರೆಕಾರ್ಡಿಂಗ್ ಹಾಕಿದ ದಿನವೇ ಎಲ್ಲರಿಗೂ ಗೊತ್ತಾಯಿತು."

"ಎಲ್ಲರಿಗೂ? ಮತ್ತೆ ಒಬ್ಬರಾದರೂ ಹೇಳಬಾರದಿತ್ತಾ? ನನ್ನ ಮಗು ಕೂತಿತ್ತಲ್ಲೋ ಅದರಲ್ಲಿ!"

"ನಿಮಗೆ ಬೇಜಾರಾಗ್ತದೆ ಅಂತ ಸರ್," ಅಂದ. ನಿಜವಾಗಿಯೂ ಅವನ ಕಣ್ಣಲ್ಲಿ ನೀರಿತ್ತು.

ಬೇರೆ ಯಾವ ಗಾಡಿಯಲ್ಲೂ ನನಗೆ ಜಾಗ ಉಳಿದಿರಲಿಲ್ಲ. ಮೊದಲು ಸಿಕ್ಕ ವರ್ಕ್‌ಶಾಪಿನಲ್ಲಿ ನಿಲ್ಲಿಸುವ ಅಂತ, ಅವರೆಲ್ಲರ ಹಿಂದೆ, ನನ್ನ ಕುದುರೆಯನ್ನು ಒಬ್ಬನೇ ನಡೆಸಿಕೊಂಡು ಹೊರಟೆ. ಗ್ಲಾಸ್ ಏರಿಸಲಿಲ್ಲ. ಇಷ್ಟು ದಿನ ಸತ್ಯ ಹೇಳಿದ್ದು ಅದೊಂದೇ, ಅದರ ಬಾಯಿಯನ್ನೂ ಮುಚ್ಚಿಸಲು ಮನಸ್ಸು ಬರಲಿಲ್ಲ.

ಸಿಗ್ನಲ್ ಹತ್ತಿರ ಮುಂದಿದ್ದ ಮಾಡರೇಟರನ ಗಾಡಿ ನಿಧಾನವಾಯಿತು. ನಾನು ಗುಂಯ್‌ಗುಡುತ್ತಾ ಅದರ ಹಿಂದೆಯೇ ಬಂದು ನಿಂತೆ. ಹಿಂದಿನ ಗಾಜಿನಲ್ಲಿ ಮಗಳು ಮಂಡಿಯೂರಿ ಕೂತು ನನ್ನನ್ನೇ ನೋಡುತ್ತಿದ್ದಳು. ಎರಡೂ ಕೈಯಿಂದ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡು, ಕಣ್ಣು ಹಿಂಡಿ, ಮುಖ ಕಿವುಚಿದ್ದಳು. ನನ್ನ ಗಾಡಿಯ ಬಗ್ಗೆ ಒಂದು ಮನುಷ್ಯ ಜೀವ ಮುಖಕ್ಕೆ ಮುಖ ಕೊಟ್ಟು ಹೇಳಿದ ಮೊದಲನೇ ಪ್ರಾಮಾಣಿಕ ಮಾತು ಅದು. ನಗು ಬಂತು, ಅಳುವೂ ಬಂತು. ಕೈ ಎತ್ತಿ, "ಶಾಭಾಸ್ ಮಗಳೇ!" ಅನ್ನಬೇಕು ಅಂತಿದ್ದೆ.

ಅಷ್ಟರಲ್ಲಿ ನನ್ನ ಹೆಂಡತಿ ಹಿಂದೆ ತಿರುಗಿದಳು. ಮಗಳ ಕೈಗಳನ್ನು ಕಿವಿಯಿಂದ ಕಿತ್ತು ಕೆಳಗಿಳಿಸಿ, ಪಪ್ಪನಿಗೆ ಬೇಜಾರಾಗ್ತದೆ ಅಂತಲೋ ಏನೋ, ಗದರಿದಳು. ಮಗಳು ತಲೆಯಾಡಿಸಿದಳು. ಮತ್ತೆ ನನ್ನ ಕಡೆಗೆ ತಿರುಗಿ, ಹಲ್ಲು ಕಿರಿದು, ಎರಡೂ ಹೆಬ್ಬೆರಳು ಎತ್ತಿ ತೋರಿಸಿದಳು.